ಲಾಗರಿನಲ್ಲಿ ಬೆಣ್ಣೆಯ ವಾಸನೆ

ಗ್ಲಾಸನ್ನು ಮೂಗಿನ ಹತ್ತಿರ ತಂದ ಬಿಯರಕ್ಕ ಹಾಗೇ ನಿಂತುಬಿಟ್ಟಳು. ಮತ್ತೊಮ್ಮೆ ಮೂಸಿದಳು. ಒಂದು ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ ನುಂಗಿ, ತುಟಿ ಬಿಗಿದು, ಮೂಗಿನಿಂದ ನಿಧಾನಕ್ಕೆ ಉಸಿರು ಬಿಟ್ಟಳು.

"ಬೆಣ್ಣೆ," ಅಂದಳು.

ಪಕ್ಕದಲ್ಲಿ ಆಗಲೇ ಅರ್ಧ ಗ್ಲಾಸು ಮುಗಿಸಿದ್ದ ತಮ್ಮ ತಿರುಗಿ ನೋಡಿದ. "ಬೆಣ್ಣೆನಾ? ಎಲ್ಲಿ?"

"ಬಿಯರಲ್ಲಿ. ಕರಗಿದ ಬೆಣ್ಣೆ ವಾಸನೆ. ಸಣ್ಣಗಿದೆ, ಆದ್ರೆ ಇದೆ."

ತಮ್ಮ ಉಳಿದರ್ಧವನ್ನೂ ಕುಡಿದು ತುಟಿ ಒರೆಸಿಕೊಂಡ. "ನಂಗೇನೂ ಬರ್ತಿಲ್ಲಕ್ಕ. ಹೋದ ವರ್ಷಕ್ಕಿಂತ ಚೆನ್ನಾಗೇ ಇದೆ."

ಅದು ಸೋಮವಾರ ಬೆಳಿಗ್ಗೆ. ಶನಿವಾರ ಮಧ್ಯಾಹ್ನ ಆ ವರ್ಷದ ಶರತ್ಕಾಲದ ಲಾಗರಿನ ಮೊದಲ ಪೀಪಾಯಿ ತೆರೆಯಬೇಕಿತ್ತು. ಜರ್ಮನ್ ಪದ್ಧತಿಯ ಬಿಯರ್ ಅದು. ಮೊಳಕೆ ಬರಿಸಿ ಹದವಾಗಿ ಹುರಿದ ಬಾರ್ಲಿಯಿಂದ, ಅಂದರೆ ಮಾಲ್ಟಿನಿಂದ, ಮಾರ್ಚಿನಲ್ಲಿ ಮಾಡಿ, ಬೇಸಿಗೆಯುದ್ದಕ್ಕೂ ತಣ್ಣನೆಯ ಕೋಣೆಯಲ್ಲಿ ಮಲಗಿಸಿಟ್ಟು, ಮರದ ಎಲೆಗಳು ಹಣ್ಣಾಗುವ ಹೊತ್ತಿಗೆ ಹೊರತೆಗೆಯುವಂಥದ್ದು. ವರ್ಷಕ್ಕೆ ಒಂದೇ ಟ್ಯಾಂಕು. ಕಟ್ಟಡದ ಮುಂಭಾಗದಲ್ಲಿ ತಮ್ಮನ ಪಾನಗೃಹ, ಹಿಂಭಾಗದಲ್ಲಿ ಅಕ್ಕನ ಹಂಡೆಗಳು, ಟ್ಯಾಂಕುಗಳು. ಅಪ್ಪನಿಂದ ಕಲಿತ ಈ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದವಳಿಗೆ ಬೀದಿಯವರು ಇಟ್ಟ ಹೆಸರು ಬಿಯರಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

"ಶನಿವಾರ ತೆಗೆಯೋದು ಬೇಡ," ಅಂದಳು ಅಕ್ಕ.

ತಮ್ಮ ನಕ್ಕ. ಅಕ್ಕನ ಮುಖ ನೋಡಿ ನಗುವನ್ನು ಅಲ್ಲಿಗೇ ನುಂಗಿಕೊಂಡ. "ಏನು ಮಾತು ಅಂತ ಆಡ್ತೀಯ? ಬಾಗಿಲಲ್ಲಿ ಬೋರ್ಡ್ ಹಾಕಿ ಹದಿನೈದು ದಿನ ಆಯ್ತು. ಊರಿಗೆಲ್ಲಾ ಹೇಳಿದೀನಿ. ಬ್ಯಾಂಡಿನವರು ಬರ್ತಾರೆ. ಈಗ ಬೇಡ ಅಂದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಬೆಣ್ಣೆ ವಾಸನೆ ಬಿಯರ್ ಕೊಟ್ಟು ತೋರಿಸ್ತೀಯಾ?"

"ಯಾರಿಗೂ ಗೊತ್ತಾಗಲ್ಲ ಅಕ್ಕ! ನಿನಗೊಬ್ಬಳಿಗೆ ಬರ್ತಿರೋದು. ಅದೂ..."

"ಹೇಳು. ಬಾಯಲ್ಲಿಟ್ಕೊಂಡು ಚಪ್ಪರಿಸ್ಬೇಡ."

"ಜ್ವರ ಬಂದಾಗಿಂದ ನಿನ್ನ ಮೂಗು ಸರಿ ಇಲ್ಲ. ಹೋದ ತಿಂಗಳು ಹಾಲು ಸೀದು ಪಾತ್ರೆ ಕರಿ ಹಿಡೀತು. ಪಕ್ಕದ ಮನೆಯವರು ಬಂದು ಒಲೆ ಆರಿಸಿದ್ರು. ನೀನು ಅಲ್ಲೇ ಕೂತಿದ್ದೆ."

ಅದು ಸುಳ್ಳಲ್ಲ. ಮಾರ್ಚಿನಲ್ಲಿ ಅವಳು ಶ್ವಾಸಕೋಶದ ಜ್ವರದಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಜೀವ ಉಳಿಯಿತು, ವಾಸನೆ ಹೋಯಿತು. ನಾಲ್ಕು ತಿಂಗಳು ಏನು ತಿಂದರೂ ಒದ್ದೆ ಕಾಗದ ಅಗಿದ ಹಾಗೆ. ಬಿಯರ್ ಮಾಡುವವಳಿಗೆ ಮೂಗಿಲ್ಲ ಅಂದರೆ ದರ್ಜಿಗೆ ಕಣ್ಣಿಲ್ಲದ ಹಾಗೆ. ಅವಳು ಅತ್ತುಕೊಂಡು ಕೂರಲಿಲ್ಲ. ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ, ಸೋಪಿನ ಚೂರು, ಇವನ್ನೆಲ್ಲ ಪುಟ್ಟ ಬಾಟಲಿಗಳಲ್ಲಿ ತುಂಬಿಟ್ಟು, ದಿನಾ ಬೆಳಿಗ್ಗೆ ಒಂದೊಂದಾಗಿ ಮೂಸುತ್ತ, ಇದು ಇಂಥದ್ದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ವಾಸನೆ ಮರಳಿ ಬಂತು, ಆದರೆ ಚೂರು ಚೂರಾಗಿ. ಬಂದದ್ದೂ ಸೊಟ್ಟಗೆ ಬಂತು. ಕಾಫಿ ಎಷ್ಟೋ ದಿನ ಸುಟ್ಟ ರಬ್ಬರಿನ ಹಾಗೆ ನಾರಿತು.

ತಮ್ಮನ ಮಾತಿಗೆ ಅವಳಿಗೆ ಸಿಟ್ಟು ಬರಲಿಲ್ಲ. ಅದೇ ಅನುಮಾನ ಅವಳದೂ ಆಗಿತ್ತು. ಬೆಣ್ಣೆ ಇರುವುದು ಟ್ಯಾಂಕಿನಲ್ಲೋ, ತನ್ನ ಮೂಗಿನಲ್ಲೋ?

ಮಂಗಳವಾರ ಬೆಳಿಗ್ಗೆ ಅವಳು ತಮ್ಮನ ಮನೆಯ ಅಡುಗೆಮನೆಗೆ ಹೋದಳು. ತಮ್ಮನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ಮಾತ್ರೆ ಹೆಚ್ಚು ಕಮ್ಮಿಯಾಗದಂತೆ ಎಣಿಸುವ ಕೈ, ಯಾರ ಪರವಾಗಿಯೂ ವಾಲದ ನಾಲಗೆ.

"ನಂಗೊಂದು ಪರೀಕ್ಷೆ ಮಾಡಮ್ಮ," ಅಂದಳು ಅಕ್ಕ. "ಕಣ್ಣಿಗೆ ಬಟ್ಟೆ ಕಟ್ಟು. ಮನೇಲಿರೋದನ್ನ ಆರು ಬಟ್ಟಲಿಗೆ ಹಾಕಿ ಮೂಗಿನ ಮುಂದೆ ಹಿಡಿ. ಕರುಣೆ ತೋರಿಸ್ಬೇಡ."

"ಅತ್ತಿಗೆ, ನಾನು ಯಾವತ್ತು ತೋರಿಸಿದೀನಿ?" ಅಂತ ಅವಳು ಬಟ್ಟೆ ಬಿಗಿದಳು.

ಲವಂಗ ಸರಿಯಾಯಿತು. ನಿಂಬೆ ಸರಿಯಾಯಿತು. ಸೋಪನ್ನು ಕಿತ್ತಳೆ ಅಂದಳು. ಕಾಫಿಯ ಬಟ್ಟಲು ಖಾಲಿ ಇದೆ ಅಂದಳು. ಬೆಳ್ಳುಳ್ಳಿ ಸರಿಯಾಯಿತು. ಕೊನೆಯದನ್ನು ಮೂಗಿನ ಹತ್ತಿರ ತರುವ ಮೊದಲೇ "ಬೆಣ್ಣೆ" ಅಂದಳು. ತಮ್ಮನ ಹೆಂಡತಿ ಆ ಬಟ್ಟಲನ್ನು ಬೇರೆಯವುಗಳ ನಡುವೆ ಅಡಗಿಸಿ ಮತ್ತೆ ಮೂರು ಸಲ ಕೊಟ್ಟಳು. ಮೂರು ಸಲವೂ ಸಿಕ್ಕಿಬಿತ್ತು.

"ಪಾಸಾಗಿದೀರ ಅತ್ತಿಗೆ. ಫಸ್ಟ್ ಕ್ಲಾಸ್ ಅಂತೂ ಅಲ್ಲ."

ಇದನ್ನು ಕೇಳಿದ ತಮ್ಮ ಕೈಯಾಡಿಸಿದ. "ಕಾಫಿ ಗೊತ್ತಾಗದ ಮೂಗು ನಂಬ್ಕೊಂಡು ಒಂದು ಟ್ಯಾಂಕ್ ಬಿಯರ್ ನಿಲ್ಲಿಸ್ಬೇಕಾ?"

"ನನ್ನ ಮೂಗು ನಂಬಬೇಡ. ನಿನ್ನದನ್ನ ನಂಬ್ತೀಯಲ್ಲ? ನಾಳೆ ಬೆಳಿಗ್ಗೆ ಏನೂ ತಿನ್ನದೆ, ಬೀಡಿ ಸೇದದೆ ಬಾ."

"ನಾನು ಬೀಡಿ ಬಿಟ್ಟು ಆರು ತಿಂಗಳಾಯ್ತು."

"ಹಿತ್ತಲಿನ ಗೋಡೆ ಪಕ್ಕ ಬಿದ್ದಿರೋ ತುಂಡುಗಳು ಬೇರೆ ಥರ ಹೇಳ್ತವೆ," ಅಂದಳು ಅಕ್ಕ.

ಅವಳು ಹರೆಯದಲ್ಲಿ ಒಂದು ದೊಡ್ಡ ಬಿಯರ್ ಕಾರ್ಖಾನೆಯಲ್ಲಿ ಆರು ತಿಂಗಳು ಕೆಲಸ ಕಲಿತಿದ್ದಳು. ಅಲ್ಲಿನ ಮುದುಕ ಮೇಸ್ತ್ರಿ ಮಾಡುತ್ತಿದ್ದ ಒಂದು ಪರೀಕ್ಷೆ ಅವಳಿಗೆ ನೆನಪಿತ್ತು. ಬಿಯರಿನಲ್ಲಿ ಬೆಣ್ಣೆಯ ವಾಸನೆ ಒಮ್ಮೆಗೇ ಹುಟ್ಟುವುದಿಲ್ಲ. ವಾಸನೆಯೇ ಇಲ್ಲದ ಒಂದು ಅಂಶ ಮೊದಲು ಒಳಗೆ ಅಡಗಿ ಕೂತಿರುತ್ತದೆ. ವಾರಗಟ್ಟಲೆ ಕಾದರೆ ಅದು ತಾನಾಗಿ ಬೆಣ್ಣೆಯಾಗುತ್ತದೆ. ಬಿಸಿ ತಾಗಿಸಿದರೆ ಅರ್ಧ ಗಂಟೆಯಲ್ಲೇ ಬಣ್ಣ ಬಯಲಾಗುತ್ತದೆ.

ಬುಧವಾರ ಬೆಳಿಗ್ಗೆ ಅವಳು ಟ್ಯಾಂಕಿನಿಂದ ಎರಡು ಬಾಟಲಿ ತುಂಬಿ ಮುಚ್ಚಳ ಬಿಗಿದಳು. ಒಂದನ್ನು ತಣ್ಣಗಿಟ್ಟಳು. ಇನ್ನೊಂದನ್ನು ಕೈ ಅದ್ದಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದಳು. ಆಮೇಲೆ ಐಸಿನಲ್ಲಿ ಹೂತು ಮೊದಲನೆಯದರಷ್ಟೇ ತಣ್ಣಗೆ ಮಾಡಿದಳು. ತಮ್ಮನ ಹೆಂಡತಿ ಎರಡನ್ನೂ ಬೇರೆ ಬೇರೆ ಗ್ಲಾಸಿಗೆ ಬಗ್ಗಿಸಿ, ಯಾವುದು ಯಾವುದೆಂದು ಹೇಳದೆ ಗಂಡನ ಮುಂದಿಟ್ಟಳು.

ತಮ್ಮ ಮೊದಲ ಗ್ಲಾಸನ್ನು ಮೂಸಿ ಏನೂ ಇಲ್ಲವೆಂದು ತಲೆಯಾಡಿಸಿದ. ಎರಡನೆಯದನ್ನು ಎತ್ತಿದವನು ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡ. ಮತ್ತೆ ಮೂಸಿದ. ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಬ್ರೆಡ್ಡಿಗೆ ಸವರಬಹುದು," ಅಂದ.

ಯಾರೂ ನಗಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ.

"ತಪ್ಪು ನಂದು," ಅಂದ. "ಮಾರ್ಚಲ್ಲಿ ನೀನು ಆಸ್ಪತ್ರೆಯಿಂದ ಫೋನಲ್ಲಿ ಹೇಳಿದ್ದೆ. ಹುಳಿಯೋದು ಮುಗೀತಾ ಬಂದಾಗ ಎರಡು ದಿನ ಬೆಚ್ಚಗಿಡು, ಆಮೇಲೆ ತಣ್ಣಗೆ ಮಾಡು ಅಂತ. ನಾನು ಇಡ್ಲಿಲ್ಲ."

ಆ ಎರಡು ದಿನದ ಬೆಚ್ಚಗೆಯಲ್ಲೇ ಯೀಸ್ಟು ಬೆಣ್ಣೆಯ ಅಂಶವನ್ನೆಲ್ಲ ತಿಂದು ಮುಗಿಸುತ್ತದೆ. ಅಕ್ಕ ಕೇಳಿದಳು. "ಯಾಕೆ ಇಡ್ಲಿಲ್ಲ?"

"ಡಾಕ್ಟರು ಫೋನ್ ಮಾಡಿದ್ರು. ಮನೆಯವರು ಯಾರಾದ್ರೂ ಹತ್ತಿರ ಇರಿ ಅಂದ್ರು. ಹಾಗೆ ಯಾಕೆ ಹೇಳ್ತಾರೆ ಅಂತ ನಂಗೆ ಗೊತ್ತಾಯ್ತು. ಇಲ್ಲಿ ಟ್ಯಾಂಕ್ ಕಾಯೋಕೆ ಯಾರಿದ್ರು? ತಣ್ಣಗೆ ಮಾಡೋ ಗುಂಡಿ ಒತ್ತಿ, ಬೀಗ ಹಾಕಿ ಓಡಿ ಬಂದೆ. ಎರಡು ದಿನ ನಿನ್ನ ಮಂಚದ ಪಕ್ಕ ಕೂತಿದ್ದೆ. ನಿನಗೆ ಪ್ರಜ್ಞೆ ಇರ್ಲಿಲ್ಲ. ಆಮೇಲೆ ಹೇಳೋಕೆ ಆಗ್ಲಿಲ್ಲ. ಬಿಯರ್ ಹೆಂಗೋ ಸರಿ ಹೋಗಿರುತ್ತೆ ಅಂದ್ಕೊಂಡೆ."

ಬಿಯರಕ್ಕ ಕೈ ಚಾಚಿ ತಮ್ಮನ ತಲೆಗೂದಲನ್ನು ಒಮ್ಮೆ ಕೆದರಿದಳು, ಅವನು ಶಾಲೆಗೆ ಹೋಗುವಾಗ ತಾನು ಮಾಡುತ್ತಿದ್ದ ಹಾಗೆ. ಆಮೇಲೆ ಎದ್ದು ಏಪ್ರನ್ ಕಟ್ಟಿಕೊಂಡಳು.

"ಸರಿ. ಬೋರ್ಡ್ ತೆಗಿ."

"ಅಕ್ಕ, ಈಗಲೂ..."

"ಈಗಲೂ. ನೀನು ಮಾಡಿದ್ದು ಸರಿ. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಅದಕ್ಕೂ ಬಿಯರಿಗೂ ಸಂಬಂಧ ಇಲ್ಲ. ಇದು ಹೀಗೇ ಪೀಪಾಯಿಗೆ ಹೋಗೋ ಹಾಗಿಲ್ಲ."

"ಚೆಲ್ಲಿಬಿಡ್ತೀಯಾ?"

"ಚೆಲ್ಲೋಕೆ ನಂಗೇನು ಹುಚ್ಚಾ? ಹೊಸದಾಗಿ ಒಂದು ಸಣ್ಣ ಹಂಡೆ ಹಾಕ್ತೀನಿ. ಮೂರನೇ ದಿನ ಅದು ನೊರೆ ಉಕ್ಕಿಸ್ತಾ ಇರುವಾಗ ಈ ಟ್ಯಾಂಕನ್ನ ಬೆಚ್ಚಗೆ ಮಾಡಿ ಅದಕ್ಕೆ ಸೇರಿಸ್ತೀನಿ. ಹೊಸ ಯೀಸ್ಟಿಗೆ ಹಸಿವು ಜಾಸ್ತಿ. ಬೆಣ್ಣೆನೆಲ್ಲಾ ಅದೇ ತಿನ್ನುತ್ತೆ. ಆಮೇಲೆ ಮತ್ತೆ ತಣ್ಣಗೆ ಮಲಗಿಸ್ಬೇಕು. ಒಂದು ತಿಂಗಳು."

"ಎಲೆ ಎಲ್ಲಾ ಉದುರಿ ಹೋದ್ಮೇಲೆ ಶರತ್ಕಾಲದ ಬಿಯರ್ ಯಾರು ಕುಡೀತಾರೆ?"

"ಎಲೆ ಕುಡಿಯಲ್ಲ. ಮನುಷ್ಯರು ಕುಡೀತಾರೆ."

ತಮ್ಮ ಎದ್ದು ಹೋಗಿ ಬೋರ್ಡಿನ ಮೇಲಿದ್ದ ತಾರೀಖನ್ನು ಅಳಿಸಿದ. ಎರಡು ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದ. ಕೆಲವರು ಬೇಜಾರಾದರು, ಕೆಲವರು ಗೇಲಿ ಮಾಡಿದರು. ಬ್ಯಾಂಡಿನವರು ಹೊಸ ತಾರೀಖಿಗೆ ಒಂದು ಮದುವೆ ಒಪ್ಪಿಕೊಂಡಿದ್ದರು. ಪ್ರತಿ ವರ್ಷ ಮೊದಲ ಗ್ಲಾಸು ಕುಡಿಯುವ ನಿವೃತ್ತ ಪೋಸ್ಟ್‌ಮ್ಯಾನ್ ಮಾತ್ರ ಖುದ್ದಾಗಿ ಬಂದು, "ಅಲ್ಲಿವರೆಗೆ ನಾನು ಬದುಕಿರ್ಬೇಕಲ್ಲಮ್ಮ" ಅಂದ.

"ಇರ್ತೀರ ತಾತ. ಬಿಯರ್ ಕುಡೀದೆ ನೀವು ಹೋಗಲ್ಲ ಅಂತ ನಂಗೆ ಗೊತ್ತು," ಅಂದಳು ಬಿಯರಕ್ಕ.

ಅವಳಿಗೆ ಆ ತಿಂಗಳು ಸುಲಭವಾಗಿರಲಿಲ್ಲ. ಜ್ವರದ ನಂತರ ಮಾಲ್ಟಿನ ಚೀಲ ಎತ್ತಿದರೆ ಏದುಸಿರು ಬರುತ್ತಿತ್ತು. ಅರ್ಧರ್ಧ ಮಾಡಿ ಬಕೆಟಿನಲ್ಲಿ ಹೊತ್ತಳು. ನಡುನಡುವೆ ಮೆಟ್ಟಿಲ ಮೇಲೆ ಕೂತು ಎದೆ ಒತ್ತಿಕೊಂಡಳು. ತಮ್ಮ ಬಂದು ಬಕೆಟ್ ಕಸಿದುಕೊಂಡರೆ ಬೈದಳು. ಮಾರನೆಯ ದಿನ ಬೈಯಲಿಲ್ಲ. ಹಳೆಯ ಬಿಯರ್ ಹೊಸದನ್ನು ಸೇರಿಸಿಕೊಂಡು ಟ್ಯಾಂಕಿನೊಳಗೆ ಮತ್ತೆ ಗುಳುಗುಳು ಅನ್ನತೊಡಗಿದಾಗ ಇಬ್ಬರೂ ಉಕ್ಕಿಗೆ ಕಿವಿಯಿಟ್ಟು ಕೇಳಿದರು.

ವಾರಕ್ಕೊಮ್ಮೆ ಬಿಸಿನೀರಿನ ಪರೀಕ್ಷೆ ನಡೆಯಿತು. ಮೊದಲ ವಾರ ಬೆಣ್ಣೆ ಇತ್ತು. ಎರಡನೆಯ ವಾರ ಅಕ್ಕ ಇದೆ ಅಂದಳು, ತಮ್ಮ ಇಲ್ಲ ಅಂದ. ಅವಳು ಟ್ಯಾಂಕನ್ನು ತಣ್ಣಗೆ ಮಾಡಲು ಬಿಡಲಿಲ್ಲ. ಮೂರನೆಯ ವಾರ ಮೂವರೂ ಮೂಸಿದರು. ಯಾರಿಗೂ ಸಿಗಲಿಲ್ಲ. ಆದರೂ ಅವಳು ಇನ್ನೆರಡು ದಿನ ಕಾದು ನೋಡಿದಳು. ಆಮೇಲೆ ಅವಳೇ ತಣ್ಣಗೆ ಮಾಡುವ ಗುಂಡಿ ಒತ್ತಿದಳು.

ಇನ್ನೊಂದು ತಿಂಗಳು ಕಳೆದು ಪೀಪಾಯಿ ತೆರೆದ ದಿನ ಬೀದಿಯ ಮರಗಳು ಬೋಳಾಗಿದ್ದವು. ಗಾಳಿ ಚಳಿಚಳಿಯಾಗಿ ಬೀಸುತ್ತಿತ್ತು. ಪ್ರತಿ ವರ್ಷದ ಅರ್ಧದಷ್ಟು ಜನವೂ ಬಂದಿರಲಿಲ್ಲ. ಬಂದವರು ಕೋಟು ಬಿಚ್ಚದೆ ನಿಂತಿದ್ದರು. ತಮ್ಮ ಮೊದಲ ಗ್ಲಾಸನ್ನು ತುಂಬಿ ಅಕ್ಕನಿಗೆ ಕೊಟ್ಟ.

ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಉಜ್ಜಿದ ತಾಮ್ರದ ಬಣ್ಣ, ಒಂದು ಚೂರೂ ಕದಡಿಲ್ಲ. ಮೇಲೆ ಹಾಲಿನ ಕೆನೆಯಂಥ ನೊರೆ. ಮೂಗಿಗೆ ಮೊದಲು ಬಂದದ್ದು ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ಹೊರಪದರ, ಅದರ ಹಿಂದೆ ಹುರಿದ ಬಾದಾಮಿ. ಗುಟುಕರಿಸಿದಳು. ಮಾಲ್ಟು ಬಾಯಿ ತುಂಬ ಹರಡಿತು. ಸಿಹಿ ಅನ್ನುವಷ್ಟರಲ್ಲಿ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಬಂದು ಅದನ್ನು ತಡೆಯಿತು. ನುಂಗಿದ ಮೇಲೆ ನಾಲಗೆ ಒಣಗಿ ಶುಭ್ರವಾಯಿತು. ಬೆಣ್ಣೆ ಎಲ್ಲಿಯೂ ಇರಲಿಲ್ಲ.

ಆದರೆ ಒಂದು ಕಡೆ ಖಾಲಿ ಇತ್ತು. ಕಹಿ ಸಿಕ್ಕಿತು, ಹಾಪ್ಸ್ ಹೂವಿನ ಪರಿಮಳ ಸಿಗಲಿಲ್ಲ. ಅವಳು ತಮ್ಮನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಹೂವಿನ ವಾಸನೆ ಇದೆಯಾ? ನಂಗೆ ಬರ್ತಿಲ್ಲ. ಸುಳ್ಳು ಹೇಳ್ಬೇಡ."

ತಮ್ಮ ಕಣ್ಣು ಮುಚ್ಚಿ ಮೂಸಿದ. ಅವಸರ ಮಾಡಲಿಲ್ಲ. "ಇದೆ. ಕಡಿಮೆ ಇದೆ. ಆಗಷ್ಟೇ ಕೊಯ್ದ ಹುಲ್ಲಿನ ಥರ. ಆಮೇಲೆ... ಸ್ವಲ್ಪ ಕಾಳುಮೆಣಸು?"

"ಕಾಳುಮೆಣಸು," ಅಂದಳು ಅವಳು. ಅದು ಹಾಗೇ ಇರಬೇಕಿತ್ತು. "ಸರಿಯಾಗಿ ಹೇಳ್ದೆ. ಕೊಡು ಎಲ್ಲರಿಗೂ."

ಪೋಸ್ಟ್‌ಮ್ಯಾನ್ ತಾತ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ತಳ ಕಾಣುವವರೆಗೂ ಕುಡಿದ. ಮೀಸೆಯ ನೊರೆ ಒರೆಸಿಕೊಂಡು ಖಾಲಿ ಗ್ಲಾಸನ್ನು ಮುಂದೆ ಚಾಚಿದ. ಅವನ ಹಿಂದೆ ಉಳಿದವರೂ ಚಾಚಿದರು. ಯಾರೋ ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಮತ್ತೊಬ್ಬರು ಬಾಗಿಲಿಗೆ ಹೋಗಿ ಬೀದಿಯಲ್ಲಿ ಹೋಗುತ್ತಿದ್ದ ಗೆಳೆಯನನ್ನು ಕೂಗಿ ಕರೆದರು.

ಬಿಯರಕ್ಕ ಏಪ್ರನ್ ಬಿಚ್ಚಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು, ತನ್ನ ಗ್ಲಾಸನ್ನು ನಿಧಾನವಾಗಿ ಪೂರ್ತಿ ಕುಡಿದಳು.