ಕಾಗೆಹೆಜ್ಜೆಯ ಗುಂಡಿ

ಹಕ್ಕಿ ಅಂದುಕೊಂಡೆ, ಹಕ್ಕಿಯಲ್ಲ, ಬಾಗಿಲ ಕೀಲು, ಗಾಳಿ ಬಂದಾಗಲೆಲ್ಲ ಕಿರ್ರ್ ಎನ್ನುತ್ತದೆ, ಎಣ್ಣೆ ಕಂಡು ಎಷ್ಟು ದಿನವಾಯಿತೋ, ಇಪ್ಪತ್ತಾರು ವರ್ಷ ಊರಿನ ಲಿಫ್ಟುಗಳಿಗೆಲ್ಲ ಗ್ರೀಸು ಮೆತ್ತಿದ ಮನುಷ್ಯನ ಮನೆ ಬಾಗಿಲು ಇದು, ಮನೆ ಅಂತ ಕರೆಯುವುದಾದರೆ, ಮರ ಕಡಿಯುವವರು ಬಿಟ್ಟುಹೋದ ಶೆಡ್ಡು, ತಗಡಿನ ಸೂರು, ಒಂದು ಕಿಟಕಿ, ಒಂದು ಮೇಜು, ಮೇಜಿನ ಆ ಕಡೆ ಈ ಕಡೆ ಎರಡು ಪೆಟ್ಟಿಗೆ ಕೂರಲಿಕ್ಕೆ — ಒಬ್ಬರೇ ಇರುವ ಕಡೆ ಎರಡು ಯಾಕೆ? ಇವರು ನೀರಿಗೆ ಹೋಗಿದ್ದಾರೆ. ನೀನು ಕೂತಿರು, ಹಳ್ಳದಿಂದ ಎರಡು ಕ್ಯಾನು ತಂದುಬಿಡ್ತೀನಿ, ಬರ್ತೀಯ ಅಂತ ಗೊತ್ತಿದ್ರೆ ಬೆಳಿಗ್ಗೇನೇ ತಂದಿಡ್ತಿದ್ದೆ, ಅಂದರು. ಗೊತ್ತಾಗಬಾರದು ಅಂತಲೇ ಹೇಳದೆ ಬಂದಿದ್ದು, ಹೇಳಿ ಬಂದರೆ ಎಲ್ಲವನ್ನೂ ಒಪ್ಪಮಾಡಿ ಇಟ್ಟಿರುತ್ತಾರೆ, ಒಪ್ಪಮಾಡಿದ ಜಾಗದಲ್ಲಿ ಏನು ಕಾಣುತ್ತದೆ ಮಣ್ಣು. ಲೋಟ ಎರಡು, ತೊಳೆದು ಬೋರಲು ಹಾಕಿದೆ. ತಟ್ಟೆ ಒಂದು. ತಟ್ಟೆ ಒಂದೇ ಅನ್ನುವುದು ಒಳ್ಳೆಯದೋ ಕೆಟ್ಟದ್ದೋ, ಊಟಕ್ಕೆ ನಿಲ್ಲದೆ ಬರೀ ಕಾಫಿ ಕುಡಿದು ಹೋಗುವವರು ಯಾರೋ ಇದ್ದಾರೆ ಅಂತಾಯಿತಲ್ಲ. ಬಾಚಣಿಗೆಯ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಕೂದಲು ಬಿಳಿ, ಗಿಡ್ಡ, ಇವರದೇ, ನನಗೇ ನಾಚಿಕೆಯಾಗಿ ಬಾಚಣಿಗೆಯನ್ನು ಮೊದಲಿದ್ದ ಹಾಗೇ ಇಟ್ಟೆ, ಹಲ್ಲು ಗೋಡೆಯ ಕಡೆಗಿತ್ತೋ ಮೇಜಿನ ಕಡೆಗಿತ್ತೋ ಮರೆತುಹೋಯಿತು, ಇವರಿಗೆ ಅದೆಲ್ಲ ಕಾಣುವುದಿಲ್ಲ ಬಿಡು. ಆ ಮೂಲೆಯಲ್ಲಿ ಜೇನಿನ ಬಾಟಲಿ. ಇದು ಗೊತ್ತು, ಕಳೆದ ಬಾರಿ ಊರಿಗೆ ಬಂದಾಗ ಹೇಳಿದ್ದರು, ಕಾಡಿನಂಚಿನಲ್ಲಿ ಒಬ್ಬರು ಜೇನು ಸಾಕ್ತಾರೆ, ಆಗಾಗ ಬರ್ತಾರೆ, ತುಂಬಾ ಒಳ್ಳೆಯವರು. ಒಬ್ಬರು! ಗಂಡಸಾದರೆ ಒಬ್ಬ ಅನ್ನುತ್ತಿದ್ದರು, ಇವರ ಬಾಯಲ್ಲಿ ಅಷ್ಟು ಮರ್ಯಾದೆ ಬಂದರೆ ಅಲ್ಲಿ ಹೆಂಗಸಿದ್ದಾಳೆ ಅಂತಲೇ ಲೆಕ್ಕ.

ಮಗಳು ಫೋನಿನಲ್ಲಿ ನಕ್ಕಳು, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುತ್ತಾ ಮಾತಾಡುತ್ತಿದ್ದಳು ಅಂತ ಕಾಣುತ್ತದೆ, ಅಮ್ಮಾ, ಅಪ್ಪನಿಗೆ ಅರವತ್ತು ಹತ್ತಿರ, ಮೊಣಕಾಲು ನೋವು, ಅಂಥವರಿಗೆ ಯಾರು ಗಂಟು ಬೀಳ್ತಾರೆ, ಅಪ್ಪನಿಗೆ ತಲೆ ಕೆಟ್ಟಿದೆ ಸರಿ, ನಿಂಗೇನಾಗಿದೆ, ಅಂಗಡಿ ಬಿಟ್ಟು ಹೋಗಿ ಅಲ್ಲಿ ಅಳಿಲಿಗೆ ಅಂಗಿ ಹೊಲೀತೀಯಾ? ಅಂಗಡಿ. ಪಕ್ಕದ ಕೀಲಿ ಮಾಡುವವನು ಒಂದು ತಿಂಗಳಿಂದ ಕೇಳುತ್ತಿದ್ದಾನೆ, ಅಕ್ಕಾ, ನೀವು ಬಿಡೋದಾದ್ರೆ ನಂಗೇ ಬಿಡಿ, ನಾಳೆ ಬೆಳಿಗ್ಗೆ ಹೂಂ ಅಥವಾ ಉಹೂಂ ಹೇಳ್ಬಿಡಿ, ನಾನೂ ಎಷ್ಟು ದಿನ ಕಾಯ್ಲಿ. ಮೆಟ್ಟಿಲ ಕೆಳಗಿನ ಅಷ್ಟಗಲ ಜಾಗ, ಒಂದು ಮಿಷಿನ್ನು, ಒಂದು ಕನ್ನಡಿ, ಬಂದವರ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಜಿಪ್ಪು, ಲೈನಿಂಗು, ಗುಂಡಿ, ಯಾರು ದಪ್ಪಗಾದರು ಯಾರು ಸೊರಗಿದರು ಎಲ್ಲ ನನಗೇ ಮೊದಲು ಗೊತ್ತಾಗುವುದು, ಹೆಂಡತಿಗೂ ಆಮೇಲೆ. ಅದನ್ನು ಬಿಟ್ಟು ಬಾ ಅನ್ನುತ್ತಾರೆ ಇವರು. ವರ್ಷ ಆಯ್ತಲ್ಲ, ನೀನೂ ಬಂದ್ಬಿಡು, ಬರೋದಿಲ್ಲ ಅಂದ್ರೆ ಅದನ್ನೂ ಹೇಳ್ಬಿಡು, ನಾನಂತೂ ಇನ್ನು ವಾಪಸ್ ಬರಲ್ಲ. ಕಳೆದ ಬಾರಿ ಊರಿಗೆ ಬಂದಾಗಲೇ ನಿಂತ ಕಾಲಲ್ಲಿ ಹೇಳಿದರು, ಕೈಯಲ್ಲಿ ಬೆಂಕಿಪೊಟ್ಟಣದ ಕಟ್ಟು ಹಿಡಿದುಕೊಂಡು, ಇಲ್ಲಿ ಬೆಂಕಿಕಡ್ಡಿ ತಂಡಿಗೆ ಹೊತ್ತುವುದಿಲ್ಲವಂತೆ, ಅದಕ್ಕೇ ಊರು ಬೇಕು ಇವರಿಗೆ, ಬೆಂಕಿಕಡ್ಡಿಗೆ. ಎಲ್ಲ ಶುರುವಾದದ್ದು ಆ ಲಿಫ್ಟಿನಿಂದ, ಎಂಟನೇ ಮಹಡಿಗೂ ಒಂಬತ್ತನೇ ಮಹಡಿಗೂ ನಡುವೆ, ರಿಪೇರಿ ಮಾಡುವವರೇ ಸಿಕ್ಕಿಕೊಂಡು ಒಂಬತ್ತು ತಾಸು, ರಜೆಯ ದಿನ, ಕಟ್ಟಡದಲ್ಲಿ ನರಪಿಳ್ಳೆಯಿಲ್ಲ, ಬೆಲ್ಲು ಒತ್ತಿ ಒತ್ತಿ ಬೆರಳು ಊದಿತ್ತು. ಹೊರಗೆ ಬಂದವರು ಅಳಲಿಲ್ಲ, ಕಿರುಚಲಿಲ್ಲ, ಆರಾಮಾಗಿತ್ತು ಕಣೇ ಅಂದರು, ಮೊದಲ ಎರಡು ತಾಸು ಕಷ್ಟ, ಆಮೇಲೆ ಯಾರೂ ನನ್ನ ಕರೆಯೋದಿಲ್ಲ ಅಂತ ಗೊತ್ತಾದ ಮೇಲೆ ಎಷ್ಟು ಆರಾಮು. ನನ್ನ ಎದೆ ಧಸಕ್ಕೆಂದದ್ದು ಅವತ್ತೇ. ಆ ಒಂಬತ್ತು ತಾಸು ನಾನು ಊರೆಲ್ಲ ಫೋನು ಮಾಡುತ್ತಾ ಸಾಯುತ್ತಿದ್ದೆ, ಇವರು ಅಲ್ಲಿ ಆರಾಮಾಗಿದ್ದರು. ಗಿರಾಕಿಗಳಿಗೆ ಇದೆಲ್ಲ ಏನು ಗೊತ್ತು, ಎಲ್ಲ ಬಿಟ್ಟು ಕಾಡಿಗೆ ಹೋದ್ರಂತೆ, ಎಂಥ ಪುಣ್ಯವಂತರು, ನಮ್ಮ ಕೈಲಾಗತ್ತಾ, ನಿಮ್ಮೋರು ತಪಸ್ವಿ ಬಿಡಿ, ಅಂತ ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ಹೇಳುತ್ತಾರೆ, ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುವುದರಿಂದ ನಾನು ಉತ್ತರ ಕೊಡಬೇಕಾಗಿಲ್ಲ.

ತಪಸ್ವಿಯ ಹಾಸಿಗೆ ಮುಗ್ಗಲು ವಾಸನೆ. ಆಲೂಗಡ್ಡೆ ಮೊಳಕೆ ಬಂದಿದೆ, ಇಲಿ ಸೋಪನ್ನು ಕಡಿದಿದೆ, ಇವರ ಎಡಗಡೆಯ ದವಡೆಹಲ್ಲು ಒಂದು ಇಲ್ಲ, ಬಾಗಿಲಲ್ಲಿ ನಕ್ಕಾಗ ನೋಡಿದೆ, ತಾವೇ ಇಕ್ಕಳ ಹಾಕಿ ಕಿತ್ತುಕೊಂಡರಂತೆ, ಹೆಮ್ಮೆ ಬೇರೆ. ಕಾಲ ತುಂಬ ಸೊಳ್ಳೆ ಕಚ್ಚಿದ ಗುಳ್ಳೆ. ಆದರೆ ಸುಳ್ಳು ಯಾಕೆ ಹೇಳಲಿ, ನನಗೆ ನಾನೇ, ಬಸ್ಸಿಳಿದು ಆ ಕಾಲುದಾರಿ ಹತ್ತುವಾಗ ಮಿಷಿನ್ನಿನ ಗುಂಯ್ ಸದ್ದು ಕಿವಿಯಿಂದ ಬಿಟ್ಟುಹೋಯಿತು, ಇಪ್ಪತ್ತು ವರ್ಷದಿಂದ ನಿದ್ದೆಯಲ್ಲೂ ಇದ್ದ ಸದ್ದು, ಬಿಟ್ಟುಹೋದಾಗಲೇ ಅದು ಇತ್ತು ಅಂತ ತಿಳಿದದ್ದು, ಒಂದು ಮರಕ್ಕೆ ಕೈ ಊರಿ ನಿಂತೆ, ಸುಧಾರಿಸಿಕೊಳ್ಳಲಿಕ್ಕೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ, ತೊಗಟೆ ಬಿಸಿಲಿಗೆ ಬೆಚ್ಚಗಿತ್ತು, ಇಲ್ಲೇ ಇದ್ದುಬಿಡಬಹುದು ಅನ್ನಿಸಿತು, ಅನ್ನಿಸಿದ್ದೇ ತಡ ಅನುಮಾನ ಬಂತು, ಇಷ್ಟು ಸುಲಭವಾಗಿ ಹಿತ ಕೊಡುವುದು ಯಾವುದೂ ನೆಟ್ಟಗಿರುವುದಿಲ್ಲ. ಅಂಗಿಗಳು ಹಗ್ಗದ ಮೇಲೆ. ಮೂರು. ಒಗೆದದ್ದು ಇವರೇ, ಕಾಲರಿನ ಕೊಳೆ ಹಾಗೇ ಇದೆ, ಹೆಂಗಸು ಒಗೆದಿದ್ದರೆ ಕಾಲರು ಉಜ್ಜುತ್ತಿದ್ದಳು, ಸ್ವಲ್ಪ ಸಮಾಧಾನ, ನೀಲಿಯದರ ಮೊಣಕೈ ಹರಿದಿದೆ, ಬಿಳಿಯದು ಸರಿಯಾಗಿದೆ, ಬೂದು ಬಣ್ಣದ್ದು — ಮೇಲಿಂದ ಮೂರನೆಯ ಗುಂಡಿ.

ನಿಲ್ಲು. ಕನ್ನಡಕ ಹಾಕಿಕೋ. ಮನೆಯ ಬಟ್ಟೆಗೆ ನಾನು ಗುಂಡಿ ಹಾಕುವುದು ಒಂದೇ ರೀತಿ, ಗಿರಾಕಿಗಳದಕ್ಕೆ ಎಲ್ಲರ ಹಾಗೆ ಎರಡು ಗೆರೆ, ಮನೆಯದಕ್ಕೆ ಮಾತ್ರ ಮೂಲೆಯ ಒಂದು ತೂತಿನಿಂದ ಹೊರಟು ಉಳಿದ ಮೂರಕ್ಕೂ ಹೊಲಿಗೆ, ಮಗಳು ಚಿಕ್ಕವಳಿದ್ದಾಗ ಅದಕ್ಕೆ ಕಾಗೆಹೆಜ್ಜೆ ಅಂತ ಹೆಸರಿಟ್ಟಳು, ಕಾಗೆಯ ಬೆರಳು ಯಾವಾಗಲೂ ಎಡಕ್ಕೆ, ಅಂಗಡಿಯ ರಾಶಿಯಲ್ಲಿ ನಮ್ಮದು ಸೇರಿಹೋದರೆ ಗುರುತು ಸಿಗಲಿ ಅಂತ. ಆಮೇಲೆ ಗುಂಡಿಯ ಕತ್ತಿಗೆ, ಅಂದರೆ ಗುಂಡಿಗೂ ಬಟ್ಟೆಗೂ ನಡುವಿನ ನೂಲಿಗೆ, ನಾಲ್ಕು ಸುತ್ತು, ನಾನು ಎಡಚಿ, ನನ್ನ ನೂಲು ಗಡಿಯಾರದ ಮುಳ್ಳಿನ ಹಾಗೆ ಸುತ್ತಿಕೊಳ್ಳುತ್ತದೆ. ಈ ಮೂರನೆಯ ಗುಂಡಿಗೂ ಕಾಗೆಹೆಜ್ಜೆಯೇ ಇದೆ, ನಾಲ್ಕು ಸುತ್ತೂ ಇದೆ, ಆದರೆ ಬೆರಳು ಬಲಕ್ಕೆ. ಸುತ್ತು ಉಲ್ಟಾ. ಬಲಗೈಯವರ ಕೆಲಸ. ಇವರಂತೂ ಸೂಜಿ ಮುಟ್ಟಿದವರಲ್ಲ, ಒಂದು ಸಲ ಕೋಟಿನ ಗುಂಡಿ ಬಿದ್ದದ್ದಕ್ಕೆ ತಂತಿ ಕಟ್ಟಿಕೊಂಡು ಮದುವೆಮನೆಗೆ ಬಂದವರು. ಹಾಗಾದರೆ ಅವಳು. ಜೇನಿನವಳು ಈ ಪೆಟ್ಟಿಗೆಯ ಮೇಲೆ ಕೂತು, ನನ್ನ ಗಂಡನ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಮೇಲಿನ ಗುಂಡಿ ನೋಡಿ ನನ್ನ ಗುರುತನ್ನು ಹಾಗೇ ಇಳಿಸಿಕೊಂಡಿದ್ದಾಳೆ, ಎಂಥ ಕೊಬ್ಬು, ಬೇರೆ ರೀತಿ ಹೊಲಿದಿದ್ದರೂ ಸಹಿಸಬಹುದಿತ್ತು. ಕಣ್ಣಲ್ಲಿ ನೀರು ಬಂತು, ಸಿಟ್ಟಿಗೋ ಏನೋ, ಸಿಟ್ಟಿಗೇ. ಹಾಗೂ ಒಂದು ಸಣ್ಣ ಖುಷಿ, ಒಳಗೆಲ್ಲೋ, ನೋಡು, ನಾನು ಹೇಳಿರಲಿಲ್ಲವಾ, ಸುಮ್ಮನೆ ಯಾರೂ ಕಾಡಿಗೆ ಹೋಗುವುದಿಲ್ಲ, ಮರಕ್ಕೋಸ್ಕರ ಯಾರೂ ಹೆಂಡತಿಯನ್ನು ಬಿಡುವುದಿಲ್ಲ. ಉತ್ತರ ಅಲ್ಲೇ ಸಿದ್ಧವಾಯಿತು, ಬರುತ್ತೇನೆ, ಅಂಗಡಿ ಕೀಲಿಯವನಿಗೆ ಹೋಗಲಿ, ಈ ಇನ್ನೊಂದು ಪೆಟ್ಟಿಗೆಯ ಮೇಲೆ ಇನ್ನು ನಾನು ಕೂರುತ್ತೇನೆ, ಕಾಲು ಚಾಚಿ ಕೂರುತ್ತೇನೆ, ಯಾರು ಬರುತ್ತಾಳೋ ಬರಲಿ.

ಕ್ಯಾನು ಕೆಳಗಿಟ್ಟ ಸದ್ದು. ಉಸಿರು ಏರುತ್ತಿದೆ, ಮುಖ ಬೆವರಿದೆ, ಏನು ಕೈಯಲ್ಲಿ ಅಂಗಿ ಹಿಡ್ಕೊಂಡಿದ್ದೀಯ, ಇನ್ನೂ ಒಣಗಿಲ್ಲ ಅದು. ರೀ, ಈ ಗುಂಡಿ ಹಾಕಿದ್ದು ಯಾರು? ಯಾವ ಗುಂಡಿ? ಇದು. ಓ ಅದಾ, ನಾನೇ. ನೀವಾ? ಇನ್ಯಾರಿದ್ದಾರೆ ಇಲ್ಲಿ. ಜೇನಿನವರು ಇಲ್ವಾ, ತುಂಬಾ ಒಳ್ಳೆಯವರು, ಅಂದೆ, ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು. ಇವರು ಹುಬ್ಬೇರಿಸಿ ನೋಡಿದರು, ಅರ್ಥವಾಗಲು ಒಂದು ಗಳಿಗೆ ಬೇಕಾಯಿತು, ಆಮೇಲೆ ಆ ಹಲ್ಲಿಲ್ಲದ ಸಂದು ಕಾಣುವಂತೆ ನಕ್ಕರು, ಅಯ್ಯೋ ಅಜ್ಜಿಗೆ ಎಂಬತ್ತಾಗಿದೆ ಕಣೇ, ಎರಡೂ ಕಣ್ಣಿಗೆ ಪೊರೆ, ಜೇನು ಕಚ್ಚಿದ ಮೇಲೇ ಗೂಡು ಇಲ್ಲಿದೆ ಅಂತ ಅವರಿಗೆ ಗೊತ್ತಾಗೋದು, ಸೂಜಿಯ ಕಣ್ಣು ಎಲ್ಲಿ ಕಾಣತ್ತೆ. ನಾನು ನಗಲಿಲ್ಲ. ನಂಬುವ ಹೆಂಗಸಾಗಿದ್ದರೆ ನಗಬಹುದಿತ್ತು. ನೀಲಿ ಅಂಗಿಯ ತೋಳಿನ ಗುಂಡಿಯನ್ನು ಕಿತ್ತೆ, ಇವರ ಎದುರೇ, ಕಿತ್ತು ಮೇಜಿನ ಮೇಲಿಟ್ಟೆ, ಹಾಕಿ ನೋಡೋಣ. ಹುಚ್ಚಿ, ಅಂದರು, ಆದರೆ ಕೂತರು, ಡಬ್ಬಿಯಿಂದ ಸೂಜಿ ತೆಗೆದರು, ನೂಲಿನ ತುದಿಯನ್ನು ನಾಲಿಗೆಗೆ ಒತ್ತಿ ಚೂಪು ಮಾಡಿ ಒಂದೇ ಸಲಕ್ಕೆ ಪೋಣಿಸಿದರು, ನಾನು ಪೋಣಿಸುವ ಹಾಗೆ, ನೂಲು ಬಿಗಿಯದಿರಲಿ ಅಂತ ಗುಂಡಿಯ ಕೆಳಗೆ ಬೆಂಕಿಕಡ್ಡಿ ಇಟ್ಟರು, ನಾನು ಇಡುವ ಹಾಗೆ. ನಾನು ಈಚೆ ಪೆಟ್ಟಿಗೆಯ ಮೇಲೆ. ಇವರು ಆಚೆ. ಮನೆಯಲ್ಲೂ ಹೀಗೇ, ರಾತ್ರಿ ಊಟವಾದ ಮೇಲೆ ನಾನು ಉಳಿದ ಕೆಲಸ ಹಿಡಿದು ಕೂತರೆ ಇವರು ಎದುರಿಗೆ, ಗದ್ದಕ್ಕೆ ಕೈ ಕೊಟ್ಟು, ಏನೂ ಮಾತಾಡದೆ, ಲಿಫ್ಟಿನ ಬಗ್ಗೆ ಯೋಚಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ, ಇಪ್ಪತ್ತು ವರ್ಷ ಹಾಗೇ ಅಂದುಕೊಂಡೆ. ಗುಂಡಿ ನೋಡಿ ಕಲಿತವರಿಗೆ ದಿಕ್ಕು ತಪ್ಪುವುದಿಲ್ಲ, ಇದ್ದ ಹಾಗೆ ಇಳಿಸಿದರೆ ಆಯಿತು. ದಿಕ್ಕು ತಪ್ಪುವುದು ಎದುರಿಗೆ ಕೂತು ಕೈ ನೋಡಿ ಕಲಿತವರಿಗೆ. ನನ್ನ ಎಡಗೈಯ ಎದುರಿಗೆ ಇವರ ಬಲಗೈ, ಕನ್ನಡಿಯಲ್ಲಿ ಕಂಡ ಹಾಗೆ. ಇಷ್ಟು ವರ್ಷ ಹೊಲಿದವಳಿಗೆ ಇಷ್ಟೂ ಹೊಳೆಯಲಿಲ್ಲ.

ಹಾಗಾದರೆ ಯಾರೂ ಇಲ್ಲ. ಇನ್ನೊಬ್ಬಳಿದ್ದರೆ ಜಗಳವಾಡಬಹುದಿತ್ತು, ಜಡೆ ಹಿಡಿದು ಎಳೆಯಬಹುದಿತ್ತು, ಗೆಲ್ಲಬಹುದಿತ್ತು, ಈ ಯಾರೂ ಇಲ್ಲ ಅನ್ನುವುದರ ಹತ್ತಿರ ಏನಂತ ಜಗಳವಾಡಲಿ. ನಾಲ್ಕು ಗಂಟೆಗೆ ಬಸ್ಸು. ಏನು ಯೋಚ್ನೆ ಮಾಡ್ದೆ, ಕೇಳುತ್ತಿದ್ದಾರೆ, ಕಣ್ಣೆತ್ತದೆ, ಮೊದಲ ಹೊಲಿಗೆ ಎಳೆಯುತ್ತಾ, ನೀನು ಬರದಿದ್ರೂ ನಡೆದುಹೋಗತ್ತೆ ನಂಗೆ, ಬೇಜಾರು ಮಾಡ್ಕೋಬೇಡ, ಬಂದ್ರೆ ಚೆನ್ನಾಗಿರತ್ತೆ ಅಷ್ಟೆ. ನಡೆದುಹೋಗತ್ತೆ. ಎಷ್ಟು ಮೆತ್ತಗೆ ಹೇಳಿದರು. ಎರಡನೆಯ ಹೊಲಿಗೆ, ಮೂರನೆಯದು, ಕಾಗೆಯ ಬೆರಳು ಬಲಕ್ಕೆ ಹರಡಿತು, ಕೈ ಒಂದಿಷ್ಟೂ ನಡುಗುತ್ತಿಲ್ಲ, ಬರುತ್ತೇನೆ ಅನ್ನಬೇಕು, ಬರುವುದಿಲ್ಲ ಅನ್ನಬೇಕು, ಎರಡೂ ನಾಲಿಗೆಯ ತುದಿಯಲ್ಲಿವೆ, ಅದಕ್ಕೆ ಮೊದಲು ಒಂದು ಕೇಳಬೇಕು, ಕೇಳಲಾರೆ, ಆ ರಾತ್ರಿಗಳಲ್ಲೆಲ್ಲ ಎದುರಿಗೆ ಕೂತು ನೀವು ನನ್ನನ್ನು ನೋಡುತ್ತಿದ್ದಿರೋ, ನಾನಿಲ್ಲದೆ ಇರುವುದನ್ನು ಕಲಿಯುತ್ತಿದ್ದಿರೋ, ಕೇಳಿದರೆ ನಿನ್ನನ್ನೇ ಅನ್ನುತ್ತಾರೆ, ಅಂದರೆ ನಾನು ನಂಬುವುದಿಲ್ಲ, ಬೆಂಕಿಕಡ್ಡಿ ಎಳೆದು ತೆಗೆದರು, ಗುಂಡಿ ಸಡಿಲವಾಗಿ ನಿಂತಿತು, ಈಗ ನೂಲು ಅದರ ಕತ್ತಿಗೆ, ಉಲ್ಟಾ, ಒಂದು ಸುತ್ತು, ಎರಡು, ನನ್ನದೇ ಕೈ, ಇವರ ತೋಳಿನ ತುದಿಯಲ್ಲಿ, ಮೂರು, ನನ್ನದೇ ಕೈ —