ಚೆಂಡಿನ ಮೇಲಿನ ಗುಂಡಿ

ಅಡುಗೆಮನೆಯ ಸಿಂಕಿನ ಮುಂದೆ ನಿಂತು ಟೈಲರ್ ತನ್ನ ಗಾಲ್ಫ್ ಚೆಂಡುಗಳನ್ನು ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಭಾನುವಾರದ ಆಟ ಮುಗಿಸಿ ಬಂದ ಮೇಲೆ ಈ ಕೆಲಸವನ್ನು ಅವನು ಇನ್ನೊಬ್ಬರಿಗೆ ಬಿಟ್ಟವನಲ್ಲ. ಒಂದೊಂದನ್ನೇ ತಿಕ್ಕುವುದು, ತೊಳೆಯುವುದು, ಟವೆಲ್ಲಿನ ಮೇಲೆ ಇಡುವುದು. ಪಕ್ಕದಲ್ಲಿ ಹೆಂಡತಿ ಬಟಾಣಿ ಸುಲಿಯುತ್ತಿದ್ದಳು. ಗೆದ್ದು ಬಂದ ದಿನ ಅವನು ಬ್ರಷ್ಷು ಹಿಡಿಯುವುದರಲ್ಲೂ ಒಂದು ಗತ್ತಿರುತ್ತಿತ್ತು.

ಇವತ್ತಿನದು ಅಂತಿಂಥ ಗೆಲುವಲ್ಲ. ಬರುವ ಶನಿವಾರ ಪಕ್ಕದ ಊರಿನವರ ಜೊತೆ ಪಂದ್ಯ. ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. "ನಿಮ್ಮಿಬ್ಬರಲ್ಲಿ ಭಾನುವಾರ ಯಾರು ಗೆಲ್ತಾರೋ ಅವರಿಗೆ" ಎಂದಿದ್ದ ಕ್ಯಾಪ್ಟನ್. ಇನ್ನೊಬ್ಬ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಬೇಕರಿ ಇಟ್ಟುಕೊಂಡಿದ್ದರಿಂದಲೂ ಕೆನ್ನೆ ಉಬ್ಬಿಕೊಂಡಿದ್ದರಿಂದಲೂ ಎಲ್ಲರಿಗೂ ಅವನು ಬನ್ನು. ಮದುವೆಯಾದ ಹೊಸತರಲ್ಲಿ ಭಾವ-ಭಾಮೈದರ ನಡುವೆ ಶುರುವಾದ ಪೈಪೋಟಿ ಇದು. ಸೋತವನು ಗೆದ್ದವನ ಚೀಲವನ್ನೂ ಹೊತ್ತು ಕಾರಿನ ತನಕ ನಡೆಯಬೇಕು. ಇವತ್ತೂ ಬನ್ನು ಎರಡು ಚೀಲ ಹೊತ್ತು, "ಭಾವ, ಇದರೊಳಗೆ ಇಸ್ತ್ರಿ ಪೆಟ್ಟಿಗೆ ಏನಾದ್ರೂ ಇಟ್ಕೊಂಡಿದ್ದೀರಾ?" ಎಂದು ನರಳುತ್ತ ಹೋಗಿದ್ದ.

"ಹೊರೋ ಲೇ, ಹೊಟ್ಟೆ ಕರಗುತ್ತೆ" ಎಂದು ಟೈಲರ್ ಕೈ ಬೀಸಿಕೊಂಡು ನಡೆದಿದ್ದ.

ಆದರೆ ಕೊನೆಯ ಕುಳಿಯಲ್ಲಿ ಆಟ ಕೈತಪ್ಪಿಯೇ ಹೋಗುವುದರಲ್ಲಿತ್ತು. ಅವನು ಹೊಡೆದ ಚೆಂಡು ಬಲಕ್ಕೆ ತಿರುಗಿ ಪೊದೆಗೆ ನುಗ್ಗಿತು. ಎಲ್ಲಿ ಬಿತ್ತೆಂದು ಅವನಿಗೆ ಕಾಣಲಿಲ್ಲ. ಕಳೆದ ಬೇಸಿಗೆಯಿಂದ ದೂರದ್ದೆಲ್ಲ ಅವನಿಗೆ ಮಂಜು ಮಂಜು. ಚೆಂಡು ಸಿಗದಿದ್ದರೆ ಹಿಂದಕ್ಕೆ ಹೋಗಿ, ದಂಡ ತೆತ್ತು, ಮತ್ತೆ ಹೊಡೆಯಬೇಕು. ಅಲ್ಲಿಗೆ ಶನಿವಾರದ ಆಸೆಗೆ ಎಳ್ಳುನೀರು. ಅಷ್ಟರಲ್ಲಿ ಬನ್ನು ಪೊದೆಯಾಚೆಯಿಂದ ಕೂಗಿದ: "ಇಲ್ಲಿದೆ ಭಾವ! ನಿಮ್ಮ ಗುಂಡಿನೇ!"

ಗುಂಡಿ ಎಂದರೆ ಟೈಲರ್ ತನ್ನ ಚೆಂಡುಗಳ ಮೇಲೆ ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದ ಗುರುತು. ಒಂದು ಪುಟ್ಟ ವೃತ್ತ, ಒಳಗೆ ನಾಲ್ಕು ತೂತು, ಅಂಗಿಗೆ ಹೊಲಿದ ಗುಂಡಿಯ ಹಾಗೇ ದಾರದ ಗೆರೆ.

ಆ ಚೆಂಡು ಈಗ ಅವನ ಅಂಗೈಯಲ್ಲಿತ್ತು. ಮಣ್ಣು ಹೋಗಿ ಗುರುತು ಸ್ವಚ್ಛವಾಗಿ ಕಾಣುತ್ತಿತ್ತು. ಅವನು ಅದನ್ನು ಮೂಗಿನ ಹತ್ತಿರ ತಂದ. ಕಿಟಕಿಯ ಬೆಳಕಿಗೆ ಹಿಡಿದ. ದಾರದ ಎರಡು ಗೆರೆ ಒಂದರ ಪಕ್ಕ ಒಂದು, ನೆಟ್ಟಗೆ ಹೋಗಿದ್ದವು.

ಅವನು ಗುಂಡಿ ಹೊಲಿದರೆ ದಾರ ಒಂದರ ಮೇಲೊಂದು ಅಡ್ಡ ಹಾಯುತ್ತದೆ. ಕಲಿತದ್ದೇ ಹಾಗೆ. ಬರೆದರೂ ಹಾಗೇ ಬರುತ್ತದೆ. ನೆಟ್ಟಗೆ ಎರಡು ಗೆರೆ ಹಾಕಿ ಹೊಲಿಯುವವರು, ಗಂಡ ಹೆಂಡತಿ ಕೂಡಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಒಬ್ಬರೇ.

ನಲ್ಲಿ ನಿಲ್ಲಿಸಿದ.

"ಇದನ್ನ ಬರೆದದ್ದು ಯಾರು?"

"ನೀವೇ ತಾನೇ?" ಹೆಂಡತಿ ತಲೆಯೆತ್ತಲಿಲ್ಲ.

"ಇಲ್ಲಿ ನೋಡು. ಇದು ನಿನ್ನ ಕೈ."

ಅವಳ ಬೆರಳು ಬಟಾಣಿಯ ಸಿಪ್ಪೆಯೊಳಗೇ ನಿಂತಿತು. ಅವನಿಗೆ ಬೇರೆ ಉತ್ತರ ಬೇಕಿರಲಿಲ್ಲ. ಕಳೆದ ಬೇಸಿಗೆಯಿಂದ ತನ್ನ ಒಂದೇ ಒಂದು ಚೆಂಡೂ ಕಳೆದಿರಲಿಲ್ಲ. ಪ್ರತಿ ಸಲ ಪೊದೆಯಿಂದ, ಹುಲ್ಲಿನಿಂದ, ಮರದ ಬುಡದಿಂದ ಬನ್ನುವಿನ ಅದೇ ಕೂಗು. ತಾನು ಅದನ್ನು ಅದೃಷ್ಟವೆಂದುಕೊಂಡು ಮೀಸೆ ತಿರುವಿದ್ದ. ಇಷ್ಟು ದಿನ ಅವಳು ನೋಡಿ ನೋಡಿ ಅವನ ಹಾಗೇ ಬರೆದು ತಮ್ಮನ ಜೇಬಿಗೆ ಹಾಕಿರಬೇಕು. ಈ ಸಲ ಅವಸರದಲ್ಲಿ ಕೈ ತನ್ನ ರೂಢಿಗೆ ಬಿದ್ದಿತ್ತು.

ಹಿತ್ತಲ ಬಾಗಿಲು ತಳ್ಳಿಕೊಂಡು ಬನ್ನು ಬಂದ, ಕಂಕುಳಲ್ಲಿ ಬಿಸಿ ಬ್ರೆಡ್ಡು. "ಏನಕ್ಕಾ, ಚಾಂಪಿಯನ್ನರಿಗೆ ಇನ್ನೂ ಊಟ ಹಾಕಿಲ್ವಾ?"

ಬನ್ನು ಬ್ರೆಡ್ಡನ್ನು ಮೇಜಿನ ಮೇಲಿಟ್ಟ. ಟೈಲರ್ ಚೆಂಡನ್ನೂ ಅಲ್ಲೇ ಇಟ್ಟ. ಅದು ಉರುಳಿ ಬಂದು ಬ್ರೆಡ್ಡಿಗೆ ತಾಗಿ ನಿಂತಿತು.

"ನಿನ್ನ ಜೇಬಲ್ಲಿ ಇನ್ನೂ ಎಷ್ಟಿದೆ ಇಂಥವು?"

ಬನ್ನು ಅಕ್ಕನ ಮುಖ ನೋಡಿದ. ಆ ಒಂದು ನೋಟ ಟೈಲರನಿಗೆ ಚೆಂಡಿಗಿಂತ ಹೆಚ್ಚು ಚುಚ್ಚಿತು. ಎಷ್ಟು ಭಾನುವಾರ ಇವರಿಬ್ಬರೂ ಹೀಗೇ ಒಬ್ಬರನ್ನೊಬ್ಬರು ನೋಡಿಕೊಂಡಿರಬಹುದು, ತಾನು ಇದೇ ಮೇಜಿನ ಮುಂದೆ ಕೂತು ತನ್ನ ಹೊಡೆತಗಳನ್ನು ಕೊಚ್ಚಿಕೊಳ್ಳುವಾಗ?

"ಭಾವ, ಬೇಜಾರು ಮಾಡ್ಕೋಬೇಡಿ..."

"ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲೋ. ಅದೂ ಕಾಣದೇ ಇರೋ ಕಣ್ಣಿಗೆ."

"ಅವನನ್ನ ಬೈಬೇಡಿ. ನಾನೇ ಹೇಳಿದ್ದು," ಎಂದಳು ಹೆಂಡತಿ. ಅವಳ ದನಿ ಗಟ್ಟಿಯಾಗಿಯೇ ಇತ್ತು. "ಸೋತು ಬಂದ್ರೆ ನೀವು ವಾರವೆಲ್ಲ ಮುಖ ಊದಿಸ್ಕೊಂಡಿರ್ತಿದ್ರಿ. ಗಿರಾಕಿಗಳ ಮೇಲೆ ಹಾರಾಡ್ತಿದ್ರಿ. ಕಣ್ಣು ತೋರಿಸ್ಕೊಳ್ಳಿ ಅಂದ್ರೆ ತಟ್ಟೆ ತಳ್ಳಿ ಎದ್ದು ಹೋಗ್ತಿದ್ರಿ. ಗೆದ್ದಾಗಲಾದ್ರೂ ನೆಟ್ಟಗೆ ನಾಲ್ಕು ಮಾತಾಡ್ತಿದ್ರಿ. ನಾನೇನು ಮಾಡ್ಲಿ?"

ಟೈಲರ್ ಬನ್ನುವಿನ ಕಡೆ ತಿರುಗಿದ. ಕೋಪ ಇನ್ನೂ ಏರಿತ್ತು.

"ಶನಿವಾರ? ಅಲ್ಲಿ ಗೊತ್ತಿಲ್ಲದವರ ಮುಂದೆ ನನ್ನ ಹಿಂದೆ ಹಿಂದೆ ಚೆಂಡು ಉದುರಿಸ್ಕೊಂಡು ಬರ್ತೀಯಾ?"

"ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರಲಿಲ್ಲ ಭಾವ," ಎಂದ ಬನ್ನು, ಬ್ರೆಡ್ಡಿನ ಕಾಗದವನ್ನು ಮಡಿಸುತ್ತ. "ಇವತ್ತು ಸುಮ್ಮನಿರೋಣ ಅಂತಾನೇ ಇದ್ದೆ. ಜಾಗ ನನಗೂ ಬೇಕಿತ್ತು. ಆದ್ರೆ ನೀವು ಆ ಪೊದೆ ಮುಂದೆ ಮಂಡಿಯೂರಿ ತಡಕಾಡ್ತಿದ್ದದ್ದು ನೋಡಿ... ಕೈ ತಾನಾಗೇ ಜೇಬಿಗೆ ಹೋಯ್ತು. ನಾಳೆ ಕ್ಯಾಪ್ಟನ್ನಿಗೆ ನಿಮಗೆ ಜ್ವರ ಅಂತೀನಿ. ಯಾರಿಗೂ ಗೊತ್ತಾಗಲ್ಲ."

"ಇನ್ನೊಂದು ಸುಳ್ಳಾ? ಬೇಡ. ಕಾಣಲ್ಲ ಅಂತ ನಾನೇ ಹೋಗಿ ಹೇಳ್ತೀನಿ."

ಹೇಳಿ ಕುರ್ಚಿ ಎಳೆದುಕೊಂಡು ಕೂತ. ಟವೆಲ್ಲಿನ ಮೇಲೆ ತೊಳೆದ ಚೆಂಡುಗಳು ಹೊಳೆಯುತ್ತಿದ್ದವು. ಅವುಗಳಲ್ಲಿ ಯಾವುದು ತಾನು ಬರೆದದ್ದು, ಯಾವುದು ಅವಳು ನೋಡಿ ಬರೆದದ್ದು ಎಂದು ಅವನಿಗೆ ತಿಳಿಯಲಿಲ್ಲ. ಈ ವರ್ಷದ ಒಂದೊಂದು ಗೆಲುವನ್ನೂ ಅವನು ನೆನಪಿನಿಂದ ತೆಗೆದು ತಿರುಗಿಸಿ ನೋಡಿದ. ಎಲ್ಲದರಲ್ಲೂ ಎಲ್ಲೋ ಒಂದು ಪೊದೆಯಿತ್ತು.

"ಹೋಗಲಿ," ಎಂದ. ದನಿ ಇಳಿದಿತ್ತು. "ನಾನು ನಿಜವಾಗಿ ಗೆದ್ದದ್ದೂ ಇರಬೇಕಲ್ಲ. ಯಾವುದು ಅಂತ ಹೇಳಿ."

ಬನ್ನು ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ. ಹೆಂಡತಿ ಬಟಾಣಿಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಒಂದೇ ಒಂದನ್ನಾದ್ರೂ ಹೇಳಿ."