ಆರತಿಯಿಲ್ಲದ ಮೂಗಮ್ಮ

ವಿಜಯಪುರದ ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ ದಿನವಿಡೀ ಕುದಿಯುವ ನೀರಿಗೆ ಬೆರಳದ್ದಿ ಗೂಡಿನ ಎಳೆ ಹುಡುಕುವ ಪಿಳ್ಳಪ್ಪನಿಗೆ ಬೆಂಕಿಯೆಂದರೆ ಭಯವಿರಲಿಲ್ಲ. ಅವನು ಹೆದರುತ್ತಿದ್ದುದು ಕಣ್ಣಿಗೆ ಕಾಣದ್ದಕ್ಕೆ. ಮಗಳು ಸೊಣ್ಣಮ್ಮನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಅಂಬೆಗಾಲಿಕ್ಕುವ ಮೊದಲೇ ಹೋಗಿಬಿಟ್ಟಿದ್ದವು. ಯಾವ ದೇವರಿಗೆ ಏನು ತಪ್ಪು ಮಾಡಿದೆವೋ ಎಂದು ಹೆಂಡತಿ ರುಕ್ಮಿಣಮ್ಮ ಅತ್ತಳು, ಅತ್ತು ಅತ್ತು ಸುಮ್ಮನಾದಳು. ಪಿಳ್ಳಪ್ಪನಿಗೆ ಮಾತ್ರ ಸುಮ್ಮನಾಗಲು ಬರಲಿಲ್ಲ. ಅಂದಿನಿಂದ ಪಂಚೆಯ ಗಂಟಿನಲ್ಲಿ ಕರ್ಪೂರವೂ ಬೆಂಕಿಪೊಟ್ಟಣವೂ ಇಲ್ಲದೆ ಅವನು ಹೊಸಿಲು ದಾಟಿದವನಲ್ಲ. ದಾರಿಯಲ್ಲಿ ಕುಂಕುಮ ಬಿದ್ದ ಕಲ್ಲು ಕಂಡರೆ ಸಾಕು, ನಿಂತು ಒಂದು ಬಿಲ್ಲೆ ಹಚ್ಚಿ, ಆ ಬಿಸಿಯನ್ನು ಅಂಗೈಯಲ್ಲಿ ತಂದು ಮಗಳ ಕಣ್ಣಿಗೊತ್ತಿಯೇ ಮುಂದೆ ಹೋಗುವನು.

"ಭಾವ, ನಿನ್ನನ್ನ ರಸ್ತೇಲಿ ಬಿಟ್ರೆ ಮೈಲಿಗಲ್ಲಿಗೂ ಆರತಿ ಎತ್ತಿಬಿಡ್ತೀಯ" ಎಂದು ರುಕ್ಮಿಣಮ್ಮನ ತಮ್ಮ ರಾಮಾಂಜಿನಪ್ಪ ನಗುತ್ತಿದ್ದ.

ರಾಮಾಂಜಿನಪ್ಪ ಯುದ್ಧಕ್ಕೆ ಹೋಗಿ ಬಂದವನು. ಮಿಸರ ದೇಶ, ಇಟಲಿ ಎಲ್ಲ ಸುತ್ತಿ, ಯುದ್ಧ ಮುಗಿದ ಮರುವರ್ಷ ಖಾಕಿ ಅಂಗಿಯಲ್ಲೇ ಅಕ್ಕನ ಮನೆಗೆ ಬಂದಿಳಿದ. ಗುಂಡು, ಬಾಂಬಿನ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ ಬೀಡಿ ಹಚ್ಚಿಕೊಂಡು ಎದ್ದು ಹೋಗುವನು. ಅವನು ಹೇಳುತ್ತಿದ್ದುದೆಲ್ಲ ನೋಡಿದ ಜಾಗಗಳ ಕಥೆ. ಕೈರೋ ಪಟ್ಟಣದ ಆಚೆ ಮರಳಿನಲ್ಲಿ ಕಲ್ಲಾಗಿ ಬಿದ್ದಿರುವ ಮರಗಳು, ತೊಗಟೆಯ ಗೆರೆ ಸಹಿತ. ಇಟಲಿಯಲ್ಲಿ ನೆಲವೇ ಅಂಬಲಿಯಂತೆ ಕೊತಕೊತ ಕುದಿಯುವ ಬಯಲು. ಒಂದು ಚರ್ಚಿನ ಕೆಳಗೆ ಸತ್ತ ಸನ್ಯಾಸಿಗಳ ಮೂಳೆಯಿಂದಲೇ ಹೂಬಳ್ಳಿ ಮಾಡಿ ಗೋಡೆ ಸಿಂಗರಿಸಿದ ಕೋಣೆ.

"ಊರಿಗೆ ಊರೇ ನೋಡೋ ಪಿರಮಿಡ್ಡನ್ನ ನಾನೂ ನೋಡ್ದೆ, ಬಿಡು. ಯಾರೂ ಹೋಗದ ಜಾಗಾನೇ ಚೆಂದ" ಎನ್ನುವನು. ಸೊಣ್ಣಮ್ಮ ಬಾಯಿ ಬಿಟ್ಟುಕೊಂಡು ಕೇಳುವಳು. ರಾತ್ರಿ ಮೂಳೆಯ ಹೂವಿನ ಕನಸು ಬಿದ್ದು ಕಿರುಚುವಳು, ಬೆಳಗಾದರೆ ಮತ್ತೆ ಅದೇ ಕಥೆ ಬೇಕು.

ಒಂದು ದಿನ ಮುದ್ದೆ ಮುರಿಯುತ್ತ ಅವನೇ ಹೇಳಿದ: "ಅಲ್ಲಿ ಒಬ್ಬ ಸಿಪಾಯಿ ಕೇಳ್ದ ಭಾವ, ನಿಮ್ಮೂರ ಕಡೆ ನೋಡೋಂಥದ್ದು ಏನೈತೆ ಅಂತ. ನಂಗೆ ಒಂದೂ ಹೊಳೀಲಿಲ್ಲ. ನಾಚ್ಕೆ ಆಗೋಯ್ತು. ನೆನ್ನೆ ಜಟಕಾ ಬುಡನ್ ಸಾಬ್ರು ಹೇಳ್ತಿದ್ರು, ಆವತಿ ಆಚೆ ಮೂಗಮ್ಮನ ಗುಡ್ಡ ಅಂತ ಐತಂತೆ. ದೀಪ ಇಲ್ಲ, ಆರತಿ ಇಲ್ಲ, ಗಂಟೆ ಐತೆ, ಅದಕ್ಕೆ ನಾಲಿಗೆ ಇಲ್ಲ. ಒಳಗೆ ಯಾರೂ ಮಾತಾಡಂಗಿಲ್ಲ. ನಾಳೆ ಹೋಗಾಣ."

"ಮಾವ, ನಾನೂ!" ಎಂದು ಸೊಣ್ಣಮ್ಮ ಎದ್ದು ನಿಂತಳು.

ಪಿಳ್ಳಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟ. ದೀಪ ಬೇಡವೆನ್ನುವ ದೇವರನ್ನು ಅವನು ಕೇಳಿಯೇ ಇರಲಿಲ್ಲ. "ಮಗೂನ ಕರ್ಕೊಂಡು ಹೋಗೋ ಜಾಗ ಅಲ್ಲ ಅದು" ಎಂದ.

"ಬರೀ ಕಲ್ಲು ಕಣ ಭಾವ. ನೀನೂ ಬಾ. ನಿನ್ನ ಮಗಳನ್ನ ನೀನೇ ಕಾಯ್ಕೊ."

ಮಗಳು ಎರಡು ಹೊತ್ತು ಊಟ ಬಿಟ್ಟಳು. ಪಿಳ್ಳಪ್ಪ ಸೋತ.

ಬುಡನ್ ಸಾಬರ ಜಟಕಾ ಆವತಿ ದಾಟಿ ಹೊಂಗೆ ಮರಗಳ ಸಾಲಿಗೆ ಬಂದಾಗ ಬಿಸಿಲೇರಿತ್ತು. ಮರಗಳ ತುಂಬ ಹೂವು, ಹೂವಿನ ತುಂಬ ಜೇನು. ಎದುರಿಗೆ ಗುಡ್ಡ, ಅದರ ನೆತ್ತಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ಹೆಬ್ಬಂಡೆ. ಬಂಡೆಯ ಹೊರಚಾಚಿನ ಕೆಳಗೆ ಕರ್ರಗೆ, ಮೊರ ತೂಗುಹಾಕಿದಂತೆ, ಸಾಲಾಗಿ ಏನೋ ಜೋತುಬಿದ್ದಿತ್ತು.

"ಹೆಜ್ಜೇನು" ಎಂದು ಬುಡನ್ ಸಾಬ್ ಲಗಾಮು ಎಳೆದರು. "ನಮ್ಮ ಕುದುರೆ ಇದಕ್ಕಿಂತ ಮುಂದೆ ಬರಲ್ಲ, ನಾನೂ ಬರಲ್ಲ. ನೀವು ಹೋಗ್ಬನ್ನಿ ಪಿಳ್ಳಪ್ನೋರೇ. ಮಲಗಿರೋವು ಮಲಗಿರಲಿ, ಅಷ್ಟೇ."

ಗುಡ್ಡದ ಬುಡದ ಗುಡಿಸಲಲ್ಲಿ ದ್ಯಾವಮ್ಮ ಎಂಬ ಮುದುಕಿ ಇದ್ದಳು. ಮೂಗಮ್ಮನಿಗೆ ದಿನಾ ಅರಿಶಿನ ಹಚ್ಚುವವಳು ಅವಳೇ. ರಾಮಾಂಜಿನಪ್ಪನ ಬೀಡಿಯನ್ನು ಕಿತ್ತು ಮಣ್ಣಿಗೆ ಒತ್ತಿದಳು. ಸೊಣ್ಣಮ್ಮನ ಕಾಲಿನ ಗೆಜ್ಜೆ ಬಿಚ್ಚಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಬೆಂಕಿ ಬ್ಯಾಡ, ಹೊಗೆ ಬ್ಯಾಡ, ಮಾತು ಬ್ಯಾಡ. ಅಮ್ಮನಿಗೆ ಆಗಕ್ಕಿಲ್ಲ" ಎಂದಳು. "ನಿನ್ನ ಪಂಚೆ ಗಂಟ್ನಲ್ಲಿ ಏನೈತಪ್ಪ?"

"ಎಲೆ ಅಡಿಕೆ" ಎಂದುಬಿಟ್ಟ ಪಿಳ್ಳಪ್ಪ. ಅವನಿಗೇ ಗೊತ್ತಾಗದ ಹಾಗೆ ಸುಳ್ಳು ಬಾಯಿಂದ ಜಾರಿತ್ತು.

ಗುಡ್ಡದ ನೆತ್ತಿಯಲ್ಲಿ, ಎರಡು ಬಂಡೆಗಳ ನಡುವೆ ಮಂಡಿಯೂರಿ ನುಸುಳುವಷ್ಟೇ ಸಂದು. ಮುಂದೆ ದ್ಯಾವಮ್ಮ, ಹಿಂದೆ ರಾಮಾಂಜಿನಪ್ಪ, ಸೊಣ್ಣಮ್ಮ, ಕೊನೆಗೆ ಪಿಳ್ಳಪ್ಪ. ಸಂದು ಮುಗಿದಲ್ಲಿ ಒಮ್ಮೆಲೆ ಬಾವಿಯೊಳಗೆ ನಿಂತಂತಾಯಿತು. ಸುತ್ತ ತಣ್ಣನೆಯ ಕಲ್ಲುಗೋಡೆ, ಮೇಲೆ ಎಲ್ಲೋ ಎತ್ತರದಲ್ಲಿ ಒಂದು ಸೀಳು, ಸೀಳಿನಿಂದ ನೀರಿನಂತೆ ಇಳಿಯುವ ಬೆಳಕು. ಮೂಲೆಯಲ್ಲಿ ಮುಖವಿಲ್ಲದ ಕಲ್ಲು, ಅರಿಶಿನ ಬಳಿದು ಬಳಿದು ಗುಂಡಗಾದದ್ದು. ಅದರ ಮುಂದೆ ನಾಲಿಗೆಯಿಲ್ಲದ ಗಂಟೆ. ಸೀಳಿನ ಅಂಚಿನಲ್ಲಿ ಜೇನುಹುಟ್ಟಿಯ ತುದಿ ಕಾಣುತ್ತಿತ್ತು. ಗಾಳಿ ಬೀಸಿದಾಗ ಗದ್ದೆಯ ಪೈರಿನಂತೆ ಅದರ ಮೈಮೇಲೆ ಅಲೆಯೊಂದು ಹಾದುಹೋಗುತ್ತಿತ್ತು. ರಾಮಾಂಜಿನಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಸೊಣ್ಣಮ್ಮ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ನಗುತ್ತ ಅಪ್ಪನನ್ನು ನೋಡಿದಳು.

ದ್ಯಾವಮ್ಮ ಮಗುವಿನ ಹಣೆಗೆ ಅರಿಶಿನ ಹಚ್ಚಿ, ನೋಡಿಕೊಂಡು ಬನ್ನಿ ಎಂದು ಸನ್ನೆ ಮಾಡಿ ಹೊರಟಳು.

ಪಿಳ್ಳಪ್ಪನ ಕೈ ತಾನಾಗಿ ಪಂಚೆಯ ಗಂಟಿಗೆ ಹೋಯಿತು. ಮುಖವಿಲ್ಲದ ಆ ಕಲ್ಲು ತನ್ನನ್ನೇ ನೋಡುತ್ತಿದೆ ಎನಿಸಿತು. ಕರ್ಪೂರ ತಂದಿದ್ದೀಯ, ಬಚ್ಚಿಟ್ಟುಕೊಂಡಿದ್ದೀಯ, ಬರಿಗೈ ಮುಗಿದು ಹೋಗುತ್ತೀಯ? ಆ ಎರಡು ಕೂಸುಗಳ ಮುಖ ನೆನಪಾಯಿತು. ಹುಟ್ಟಿಗಳಿರುವುದು ಹೊರಗೆ, ತಾನಿರುವುದು ಒಳಗೆ, ಚಿಟಿಕೆಯಷ್ಟು ಕರ್ಪೂರಕ್ಕೆ ಏನಾದೀತು ಎಂದುಕೊಂಡ. ಭಾವಮೈದ ಮಗುವನ್ನೆತ್ತಿ ಮೇಲಿನ ಸೀಳು ತೋರಿಸುತ್ತಿದ್ದಾಗ ಪಿಳ್ಳಪ್ಪ ಅವರಿಗೆ ಬೆನ್ನು ಮಾಡಿ ಕುಳಿತು, ಕಡ್ಡಿ ಗೀರಿದ.

ಕಲ್ಲಿನ ಆ ಬಾವಿ ಒಲೆಯ ಹೊಗೆಗೂಡಿನಂತಿದೆ ಎಂದು ಅವನಿಗೆ ಹೊಳೆದದ್ದು ಕಪ್ಪು ಎಳೆಯೊಂದು ನೆಟ್ಟಗೆ ಮೇಲೇರಿದಾಗಲೇ. ಅಂಗೈಯಿಂದ ಬಡಿದು ಆರಿಸಿದ. ಆರಿಸಿದ್ದಕ್ಕೆ ಹೊಗೆ ಇನ್ನೂ ಹೆಚ್ಚಾಯಿತು. ಅದು ನಿಧಾನವಾಗಿ, ಯಾರೋ ಮೇಲಿಂದ ಎಳೆದುಕೊಳ್ಳುತ್ತಿರುವಂತೆ, ಸೀಳಿನ ಕಡೆ ಹೋಯಿತು.

ಹುಟ್ಟಿಯ ಮೈಮೇಲಿನ ಅಲೆ ನಿಂತಿತು. ಆಮೇಲೆ ಸದ್ದು.

ಮೊದಲು ದೂರದ ಮೋಟಾರಿನಂತೆ, ಮರುಗಳಿಗೆಯಲ್ಲಿ ಬಂಡೆಯೇ ಗುನುಗಿದಂತೆ. ಬೆಳಕಿಳಿಯುತ್ತಿದ್ದ ಸೀಳು ಕಪ್ಪಾಯಿತು. ರಾಮಾಂಜಿನಪ್ಪ ತಲೆಯೆತ್ತಿದ. ಮಗುವನ್ನು ನೆಲಕ್ಕೆ ಕೆಡವಿ ತಾನು ಅದರ ಮೇಲೆ ಬೋರಲು ಬಿದ್ದ.

ಪಿಳ್ಳಪ್ಪ ಓಡಿದ.

ಮಗಳ ಕಡೆಗಲ್ಲ. ಕಾಲು ತಾನಾಗಿ ಸಂದಿನ ಕಡೆ ತಿರುಗಿತು. ಮಂಡಿ ಕಿತ್ತುಹೋಗುವಂತೆ ತೆವಳಿ ಹೊರಗೆ ಬಿದ್ದಾಗ ಕಿವಿ, ಕುತ್ತಿಗೆ, ತುಟಿಗೆ ಕಾದ ಸೂಜಿ ಚುಚ್ಚಿದಂತಾಗಿ ಅರಚಿದ. ಇಳಿಜಾರಿನಲ್ಲಿದ್ದ ದ್ಯಾವಮ್ಮ ಹೆಗಲ ಕಂಬಳಿ ಬಿಚ್ಚುತ್ತ ಬಂದು ಅವನನ್ನು ಪೊದೆಯ ಬುಡಕ್ಕೆ ತಳ್ಳಿ, ತಾನೂ ಅವನೊಡನೆ ಕಂಬಳಿಯೊಳಗೆ ಕುಸಿದಳು. ಕಂಬಳಿಯ ಮೇಲೆ ಆಲಿಕಲ್ಲು ಬಿದ್ದಂತೆ ಹುಳುಗಳು ಬಡಿದವು.

"ಯಾರ್ಲಾ ಬೆಂಕಿ ಹಚ್ಚಿದ್ದು?"

"ನಾನೇ."

ಅವಳು ಬಯ್ಯಲಿಲ್ಲ. "ಮಗು?"

"ಒಳಗೆ... ರಾಮಾಂಜಿ ಅದರ ಮ್ಯಾಲೆ..."

"ಅಲ್ಲಾಡದಂಗೆ ಬಿದ್ದಿದ್ರೆ ಉಳ್ಕೊಂತಾರೆ. ಓಡೋರ ಬೆನ್ನಿಗೇ ಅವು ಬೀಳಾದು. ಹೊತ್ತು ಮುಳುಗಿದ್ರೆ ತಾವಾಗೇ ಹುಟ್ಟಿಗೆ ಹೋಯ್ತವೆ. ಅಲ್ಲೀಗಂಟ ಯಾರೂ ಒಳಗೆ ಹೋಗಂಗಿಲ್ಲ."

"ಮಗು ಎದ್ದು ಓಡಿದ್ರೆ?"

ಮುದುಕಿ ಕಂಬಳಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಒಳಕ್ಕೆ ಎಳೆದಳು.

ಸೂರ್ಯ ಇನ್ನೂ ನೆತ್ತಿಯಿಂದ ಅತ್ತ ಸರಿದಿರಲಿಲ್ಲ. ಸೊಣ್ಣಮ್ಮ ಒಂದು ಕಡೆ ಕೂರುವ ಹುಡುಗಿಯಲ್ಲ. ಕತ್ತಲಲ್ಲಿ ಕನಸು ಬಿದ್ದರೆ ಅಪ್ಪ ಎಂದು ಕಿರುಚಿ, ಅಪ್ಪ ಬಂದು ಬೆನ್ನ ಮೇಲೆ ಕೈಯಿಡುವ ತನಕ ಅಂಗಳವೆಲ್ಲ ಓಡುವವಳು. ಈಗಲೂ ಕಾಯುತ್ತಿರುತ್ತಾಳೆ. ಎಷ್ಟು ಹೊತ್ತು ಕಾದಾಳು?

"ಅವ್ವಾ, ಕಂಬಳಿ ಕೊಡು."

"ಸತ್ತೋಗ್ತೀಯ."

"ಓಡಲ್ಲ. ತೆವಳ್ತೀನಿ."

ದ್ಯಾವಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಕಂಬಳಿಯನ್ನು ಅವನ ತಲೆಯಿಂದ ಪಾದದವರೆಗೆ ಹೊದಿಸಿ, ತಾನು ಸೆರಗು ಮುಚ್ಚಿಕೊಂಡು ಪೊದೆಯೊಳಕ್ಕೆ ಸರಿದಳು. "ಕೈ ಬೀಸಬ್ಯಾಡ. ಕಚ್ಚಿದ್ರೆ ಕಚ್ಚಿಸ್ಕೊ. ಬಾಯಿ ಬಿಡಬ್ಯಾಡ."

ಓಡಿ ಬಂದ ದಾರಿಯನ್ನು ಬಸವನಹುಳುವಿನಂತೆ ಹಿಂದಿರುಗಿ ಹೋಗುವುದು ಎಂಥ ಕಷ್ಟವೆಂದು ಪಿಳ್ಳಪ್ಪನಿಗೆ ಆಗ ತಿಳಿಯಿತು. ಒಂದು ಮೊಳಕ್ಕೆ ಒಂದು ಯುಗ. ಕೈಮೇಲೆ ಹುಳುವೊಂದು ಇಳಿದು, ಬೆರಳ ಸಂದಿನಲ್ಲಿ ನಡೆದು, ನಿಂತು, ಚುಚ್ಚಿತು. ಕುದಿನೀರಲ್ಲಿ ಬೆಂದ ಬೆರಳು; ಅದನ್ನು ಹಾಗೇ ಇಟ್ಟ. ನಾಲಿಗೆಯ ತುದಿಗೆ ಬರುವ ದೇವರ ಹೆಸರುಗಳನ್ನೆಲ್ಲ ನುಂಗಿದ. ಹೆಸರು ಹಿಡಿದು ಕರೆಯಲು ಆಗದಿದ್ದರೆ ಯಾವ ದೇವರು ಬರುತ್ತಾನೆ? ಯಾರೂ ಬರುವುದಿಲ್ಲವೆಂದು ಗೊತ್ತಿದ್ದೇ ಮುಂದಕ್ಕೆ ಸರಿದ.

ಒಳಗೆ ರಾಮಾಂಜಿನಪ್ಪನ ಖಾಕಿ ಬೆನ್ನು ಕಾಣಲಿಲ್ಲ. ಹುಳುಗಳ ಹೊದಿಕೆ ಕಂಡಿತು. ಅದು ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ಏರುತ್ತಿದೆ, ಹಾಗಾದರೆ ಜೀವವಿದೆ. ಅವನ ತೋಳಿನ ಕೆಳಗಿನ ಕತ್ತಲಲ್ಲಿ ಒಂದು ಕಣ್ಣು ಹೊಳೆಯಿತು.

ಸೊಣ್ಣಮ್ಮನ ತುಟಿ ಬಿರಿಯಿತು. ಅಪ್ಪ ಎನ್ನುವಳು. ಎಂದರೆ ಮುಗಿಯಿತು. ಪಿಳ್ಳಪ್ಪ ತಲೆಯಾಡಿಸಲೂ ಹೆದರಿ, ಊದಿಕೊಂಡ ಕಣ್ಣನ್ನು ಒಮ್ಮೆ ಮುಚ್ಚಿ ತೆರೆದ. ಮಗಳು ತುಟಿ ಮುಚ್ಚಿದಳು. ಅವಳ ಕೆನ್ನೆ ಮೇಲೆ ನೀರು ಇಳಿಯಿತು, ಸದ್ದು ಬರಲಿಲ್ಲ.

ಇಂಚಿಂಚಾಗಿ ಕಂಬಳಿಯನ್ನು ಅವರಿಬ್ಬರ ಮೇಲೂ ಎಳೆದ. ಅರ್ಧ ಮೈ ಅವನದು ಹೊರಗೇ ಉಳಿಯಿತು. ಒಳಗಿನ ಬಿಸಿ ಕತ್ತಲಲ್ಲಿ ಭಾವಮೈದನ ಇಡೀ ದೇಹ ಮಳೆಗೆ ಸಿಕ್ಕ ನಾಯಿಮರಿಯಂತೆ ನಡುಗುತ್ತಿತ್ತು. ಅವನ ತುಟಿ ಏನನ್ನೋ ಒಂದೇ ಸಮನೆ ಹೇಳುತ್ತಿತ್ತು, ದನಿಯಿಲ್ಲದೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಈ ಗುಡ್ಡದಲ್ಲಿ ಅವನಿಲ್ಲ, ಅವನು ಯಾವುದೋ ಮರಳಲ್ಲಿ, ಯಾವುದೋ ವಿಮಾನದ ಕೆಳಗೆ ಬಿದ್ದಿದ್ದಾನೆ ಎಂದು ಪಿಳ್ಳಪ್ಪನಿಗೆ ಅರ್ಥವಾಯಿತು. ಇಷ್ಟು ದಿನ ಹೇಳದೆ ಬಿಟ್ಟ ಕಥೆ ಇದೇ ಇರಬೇಕು. ಪಿಳ್ಳಪ್ಪ ಒಂದು ಕೈಯನ್ನು ಮಗಳ ಬೆನ್ನಿಗೆ, ಇನ್ನೊಂದನ್ನು ಅವನ ಕತ್ತಿಗೆ ಇಟ್ಟ. ಇಟ್ಟ ಕೈಯನ್ನು ತೆಗೆಯಲಿಲ್ಲ.

ಸೀಳಿನ ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿತು. ಒಮ್ಮೆ ಸೊಣ್ಣಮ್ಮನಿಗೆ ಕೆಮ್ಮು ಬಂತು. ಅವಳು ಮಾವನ ತೋಳನ್ನೇ ಕಚ್ಚಿ ಹಿಡಿದು ಅದನ್ನು ನುಂಗಿದಳು. ಕೊನೆಗೆ ಮೊರೆತ ತೆಳುವಾಗುತ್ತ, ಬಿಡಿಬಿಡಿಯಾಗುತ್ತ, ಮೇಲಕ್ಕೆ ಹೋಯಿತು.

"ಈಗ ಬನ್ನಿ" ಎಂದಿತು ಸಂದಿನ ಬಾಯಲ್ಲಿ ದ್ಯಾವಮ್ಮನ ದನಿ. "ಮೆಲ್ಲಕೆ."

ಹೊರಗೆ ಸಂಜೆಗತ್ತಲು. ಸೊಣ್ಣಮ್ಮನಿಗೆ ಕಚ್ಚಿದ್ದು ಅಲ್ಲಿ ಇಲ್ಲಿ, ಅಷ್ಟೇ. ರಾಮಾಂಜಿನಪ್ಪನ ಮುಖ ಊದಿ ಕಣ್ಣುಗಳೇ ಇಲ್ಲವಾಗಿದ್ದವು. ದ್ಯಾವಮ್ಮ ಅವನ ಕತ್ತಿನ ಮುಳ್ಳುಗಳನ್ನು ಉಗುರಿನಿಂದ ಕೆರೆದು ತೆಗೆದಳು.

"ಭಾವ" ಎಂದ ಅವನು. "ಹೋದ್ವಾ ಎಲ್ಲಾ?"

"ಹೋದ್ವು ಕಣಪ್ಪ. ಹೊಗೆ ಹಾಕಿದ್ದು ನಾನು. ಹಾಕಿ, ಓಡೀನೂ ಹೋದೆ."

ರಾಮಾಂಜಿನಪ್ಪ ತಡಕಾಡಿ ಅವನ ಭುಜ ಹಿಡಿದ. "ಕಾಲಿದ್ದೋರು ಎಲ್ರೂ ಓಡ್ತಾರೆ ಭಾವ. ವಾಪಸ್ ಬಂದೋರನ್ನ ನಾನು ಜಾಸ್ತಿ ನೋಡಿಲ್ಲ." ಆಮೇಲೆ ಕೇಳಿದ: "ನಂಗೇನೂ ಕಾಣಲ್ಲ. ಕತ್ತಲಾಯ್ತಾ?"

"ಆಗ್ತಾ ಐತೆ."

ಕೆಳಗೆ, ಬಲು ದೂರದಲ್ಲಿ, ಕುದುರೆಯನ್ನು ಹೊಂಗೆಸಾಲಿನಾಚೆಗೆ ಅಟ್ಟಿಕೊಂಡು ಹೋಗಿದ್ದ ಬುಡನ್ ಸಾಬರು "ಪಿಳ್ಳಪ್ನೋರೇ! ಬದುಕಿದ್ದೀರಾ?" ಎಂದು ಕೂಗುತ್ತಿದ್ದರು. ಯಾರಿಗೂ ಉತ್ತರ ಕೊಡುವ ಧೈರ್ಯವಿರಲಿಲ್ಲ. ಹುಟ್ಟಿಗಳು ಇನ್ನೂ ತಲೆಯ ಮೇಲೇ ಇದ್ದವು. ಸೊಣ್ಣಮ್ಮ ಮಾವನ ಕೈ ಹಿಡಿದಳು. ಕುರುಡನಂತೆ ನಿಂತ ಅವನನ್ನು ನೋಡಿ, ಇಳಿಜಾರನ್ನು ನೋಡಿ, ಅಪ್ಪನ ಮುಖ ನೋಡಿದಳು.

ಪಿಳ್ಳಪ್ಪನಿಗೆ ಎಲ್ಲೆಲ್ಲಿ ಹಳ್ಳ, ಎಲ್ಲೆಲ್ಲಿ ಮುಳ್ಳು, ಏನೂ ಕಾಣುತ್ತಿರಲಿಲ್ಲ. ಅವನು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕತ್ತಲೊಳಕ್ಕೆ ಪಾದವಿಟ್ಟು ತಡವಿ ನೋಡಿದ.

"ಕಲ್ಲು" ಎಂದು ಪಿಸುಗುಟ್ಟಿದ. "ಗಟ್ಟಿ ಐತೆ. ಬನ್ನಿ."